ಘಾಟಿ ಇಳಿಸದ ಗಾಳಿ: ಬೈಕಿಗೆ ಹಾಕುವ ‘ಎಲೆಕ್ಟ್ರಿಕ್ ಟರ್ಬೊ’ದ ಲೆಕ್ಕಾಚಾರ

ಬೆಂಗಳೂರಿನಲ್ಲಿ ದಿನಾ ಓಡಿಸುವ ಬೈಕಿನಲ್ಲೇ ಶಿರಾಡಿ ಘಾಟಿ ಇಳಿದು ಮಂಗಳೂರಿನ ಕಡೆ ಹೋದವರು ಒಂದು ವಿಷಯ ಗಮನಿಸಿರುತ್ತಾರೆ. ಕೆಳಗೆ ಗಾಡಿ ಒಂಚೂರು ಜಾಸ್ತಿ ಎಳೆಯುತ್ತದೆ. ಅದೇ ಪೆಟ್ರೋಲು, ಅದೇ ಸವಾರ, ಬೆನ್ನ ಮೇಲೆ ಅದೇ ಬ್ಯಾಗು. ಆದರೂ ಪಿಕಪ್ ಬೇರೆ. ಇದು ಮನಸ್ಸಿನ ಆಟ ಅಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಇಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಹತ್ತಿರ ಹತ್ತಿರ ಶೇ. 10ರಷ್ಟು ಕಡಿಮೆ. ಗಾಳಿ ದಟ್ಟವಾದಷ್ಟೂ ಎಂಜಿನ್ನಿಗೆ ಶಕ್ತಿ ಜಾಸ್ತಿ. ಕೆಳಗಿನ ಸೆಖೆಗೆ ಗಾಳಿ ಹಿಗ್ಗುವುದರಿಂದ ಆ ಲಾಭದಲ್ಲಿ ಸ್ವಲ್ಪ ಸೋರಿಹೋಗುತ್ತದೆ, ಆದರೂ ಶೇ. 7-8ರಷ್ಟು ಉಳಿಯುತ್ತದೆ. ಯಾರೂ ಏನೂ ಫಿಟ್ ಮಾಡಿಲ್ಲ. ಘಾಟಿ ಇಳಿದದ್ದಕ್ಕೆ ಸಿಕ್ಕಿದ ಪುಕ್ಕಟೆ ಗಾಳಿ ಅದು.

ಈ ಲೆಕ್ಕದಿಂದ ಒಂದು ಒಳ್ಳೆ ಅಳತೆಗೋಲು ಸಿಗುತ್ತದೆ. ಬೆಂಗಳೂರಿನ ಎತ್ತರದಲ್ಲಿ ಒಂದು ಮೀಟರ್ ಕೆಳಗಿಳಿದರೆ ಗಾಳಿಯ ಒತ್ತಡ ಹತ್ತಿರ ಹತ್ತಿರ 11 ಪ್ಯಾಸ್ಕಲ್ (ಒತ್ತಡ ಅಳೆಯುವ ಮಾನ) ಏರುತ್ತದೆ. ಬೈಕಿಗೆ ‘ಗಾಳಿ ತುಂಬುವ’ ಯಾವ ಸಾಧನ ಬಂದರೂ ನಾನು ಕೇಳುವ ಮೊದಲ ಪ್ರಶ್ನೆ ಇದೇ: ಇದು ನನ್ನನ್ನು ಎಷ್ಟು ಮೀಟರ್ ಘಾಟಿ ಇಳಿಸುತ್ತದೆ?

ಈ ಮಾತು ಶುರುವಾಗಿದ್ದು ಅಕ್ಕನ ಮಗನಿಂದ. ಅವನಿಗೊಂದು 150 ಸಿಸಿ ಬೈಕ್ ಇದೆ. ಹೋದ ತಿಂಗಳು ಒಂದು ವಿಡಿಯೋ ಕಳಿಸಿ, “ಮಾವ, ಇದು ಹಾಕಿಸ್ಲಾ? ಎರಡು ಸಾವಿರದೊಳಗೆ ಬರುತ್ತೆ, ಏರ್ ಫಿಲ್ಟರ್ ಪೈಪಿಗೆ ಸಿಕ್ಕಿಸಿದ್ರೆ ಆಯ್ತಂತೆ” ಅಂದ. ನೋಡಿದೆ. ಅಲ್ಯುಮಿನಿಯಂ ಬಣ್ಣದ ಒಂದು ಡಬ್ಬಿ, ಒಳಗೆ ಪುಟ್ಟ ಫ್ಯಾನು, ಹೊರಗೆ ಎರಡು ವೈರು. ಒಂದನ್ನು ಬ್ಯಾಟರಿಗೆ ಕೊಡಿ, ಇನ್ನೊಂದನ್ನು ಬಾಡಿಗೆ ಕೊಡಿ, ಅಷ್ಟೇ. ಹೆಸರು ಮಾತ್ರ ಜೋರು, ಎಲೆಕ್ಟ್ರಿಕ್ ಟರ್ಬೊ ಅಂತೆ, ಎಂಜಿನ್ನಿಗೆ ಗಾಳಿ ಒತ್ತಿ ತುಂಬಿ ಶಕ್ತಿ ಹೆಚ್ಚಿಸುತ್ತದಂತೆ. ನಾನು ಬೇಡ ಅಂದೆ. ಅದಕ್ಕವನು ಕೊಟ್ಟ ಉತ್ತರ ನನ್ನನ್ನು ಸ್ವಲ್ಪ ಹೊತ್ತು ಸುಮ್ಮನಾಗಿಸಿತು. “ಹೋಂಡಾದವರೇ ಮಾಡ್ತಿದಾರಲ್ಲ ಮಾವ, ಅವರಿಗೇನು ತಲೆ ಇಲ್ವಾ?”

ಹೌದು, ಹೋಂಡಾ ಮಾಡುತ್ತಿದೆ. 2024ರ ನವೆಂಬರಿನಲ್ಲಿ ಇಟಲಿಯ ಮಿಲಾನ್‌ನ ಐಕ್ಮಾ ಮೋಟಾರ್‌ಸೈಕಲ್ ಮೇಳದಲ್ಲಿ ಅದು ಮೂರು ಸಿಲಿಂಡರಿನ ಹೊಸ ವಿ3 ಎಂಜಿನ್ ಒಂದನ್ನು ತೋರಿಸಿತು. ಗಾಳಿಯನ್ನು ಒತ್ತಿ ಒಳಗೆ ಕಳಿಸಲು ಅದರ ಮೇಲೊಂದು ವಿದ್ಯುತ್ ಕಂಪ್ರೆಸರ್ ಇತ್ತು. ಮೋಟಾರ್‌ಸೈಕಲ್‌ಗೆ ಇಂಥದ್ದು ಜಗತ್ತಿನಲ್ಲೇ ಮೊದಲು ಎಂದು ಕಂಪನಿ ಹೇಳಿಕೊಂಡಿತು. ಮರುವರ್ಷ ಅದೇ ಮೇಳದಲ್ಲಿ ವಿ3ಆರ್ 900 ಎಂಬ ಹೆಸರಿನ ಮಾದರಿ ಬೈಕೇ ಬಂತು. 900 ಸಿಸಿ ಎಂಜಿನ್ನಿನಿಂದ 1200 ಸಿಸಿಯ ದಮ್ಮು ತೆಗೆಯುವುದು ಅವರ ಗುರಿ. ಹಾಗಾಗಿ ಹುಡುಗನ ಪ್ರಶ್ನೆ ದಡ್ಡ ಪ್ರಶ್ನೆಯಲ್ಲ. ಎರಡೂ ಕಡೆ ಮೋಟಾರ್ ಇದೆ, ಎರಡೂ ಕಡೆ ರೆಕ್ಕೆಯ ಚಕ್ರ ಇದೆ, ಎರಡೂ ಗಾಳಿ ತಳ್ಳುತ್ತವೆ. ಮತ್ತೆ ಒಂದನ್ನು ನಂಬಿ ಇನ್ನೊಂದನ್ನು ಯಾಕೆ ಬಿಡಬೇಕು?

ಗಾಳಿ ತುಂಬಿದರೆ ಶಕ್ತಿ ಬರುವುದಿಲ್ಲ ಎಂದು ನಾನು ಹೇಳುತ್ತಿಲ್ಲ, ಅದು ಮೊದಲೇ ಸ್ಪಷ್ಟವಾಗಲಿ. ಖಂಡಿತ ಬರುತ್ತದೆ. 1939ರಲ್ಲೇ ಜರ್ಮನಿಯ ಜಾರ್ಜ್ ಮೈಯರ್ ಸೂಪರ್‌ಚಾರ್ಜರ್ (ಎಂಜಿನ್ನೇ ತಿರುಗಿಸುವ, ಗಾಳಿ ಒತ್ತುವ ಯಂತ್ರ) ಇದ್ದ 500 ಸಿಸಿ ಬಿಎಂಡಬ್ಲ್ಯುನಲ್ಲಿ ಐಲ್ ಆಫ್ ಮ್ಯಾನ್ ದ್ವೀಪದ ಸೀನಿಯರ್ ಟಿಟಿ ಬೈಕ್ ರೇಸ್ ಗೆದ್ದ. ಯುದ್ಧ ಮುಗಿದ ಮೇಲೆ, 1946ರಲ್ಲಿ, ರೇಸಿನಿಂದ ಸೂಪರ್‌ಚಾರ್ಜರನ್ನೇ ನಿಷೇಧಿಸಿದರು. ಕೆಲಸ ಮಾಡದ ವಸ್ತುವನ್ನು ಯಾರೂ ನಿಷೇಧಿಸುವುದಿಲ್ಲ, ಅಲ್ವಾ? 1980ರ ದಶಕದಲ್ಲಿ ಜಪಾನಿನ ನಾಲ್ಕೂ ಕಂಪನಿಗಳು ಟರ್ಬೊ ಬೈಕುಗಳನ್ನು, ಅಂದರೆ ಸೈಲೆನ್ಸರಿಗೆ ಹೋಗುವ ಹೊಗೆಯ ರಭಸದಿಂದಲೇ ಗಾಳಿ ಒತ್ತುವ ಬೈಕುಗಳನ್ನು ಮಾಡಿದವು. ಹೋಂಡಾ ಸಿಎಕ್ಸ್500 ಟರ್ಬೊ 497 ಸಿಸಿಯಲ್ಲಿ 80 ಎಚ್‌ಪಿಗಿಂತ ಜಾಸ್ತಿ ಕೊಡುತ್ತಿತ್ತು. ಆದರೆ ಅವು ಭಾರ, ದುಬಾರಿ, ರಿಪೇರಿಗೆ ತಲೆನೋವು. ಆಕ್ಸಿಲರೇಟರ್ ತಿರುಗಿಸಿದಾಗ ಮೊದಲು ಏನೂ ಆಗದೆ, ಆಮೇಲೆ ತಿರುವಿನ ಮಧ್ಯದಲ್ಲಿ ಒಮ್ಮೆಲೇ ಶಕ್ತಿ ನುಗ್ಗಿ ಬರುತ್ತಿತ್ತು. ನಾಲ್ಕೈದು ವರ್ಷದಲ್ಲಿ ನಾಲ್ಕೂ ಕಂಪನಿ ಕೈಬಿಟ್ಟವು.

ಅಂದಮೇಲೆ ಗಾಳಿಯಿಂದ ಶಕ್ತಿ ಬರುತ್ತದೋ ಇಲ್ಲವೋ ಅನ್ನುವುದು ಇಲ್ಲಿ ಪ್ರಶ್ನೆಯೇ ಅಲ್ಲ. ಗಾಳಿಯನ್ನು ಒತ್ತುವ ಶಕ್ತಿ ಎಲ್ಲಿಂದ ಬರುತ್ತದೆ, ಎಷ್ಟು ಬೇಕು, ಒಳಗೆ ಹೋದ ಗಾಳಿಗೆ ತಕ್ಕ ಪೆಟ್ರೋಲು ಯಾರು ಕೊಡುತ್ತಾರೆ? ಇಷ್ಟನ್ನು ಕೇಳಿದರೆ ಎರಡು ಸಾವಿರದ ಡಬ್ಬಿಯ ಬಣ್ಣ ಬಯಲಾಗುತ್ತದೆ.

ಅಕ್ಕನ ಮಗನ ಬೈಕನ್ನೇ ತೆಗೆದುಕೊಳ್ಳಿ. 150 ಸಿಸಿ, ನಾಲ್ಕು ಸ್ಟ್ರೋಕ್, 8,000 ಆರ್‌ಪಿಎಂ. ಎರಡು ಸುತ್ತಿಗೆ ಒಂದು ಸಲ ಗಾಳಿ ಎಳೆಯುತ್ತದೆ, ಅಂದರೆ ನಿಮಿಷಕ್ಕೆ 4,000 ಸಲ. ಒಟ್ಟು ನಿಮಿಷಕ್ಕೆ 600 ಲೀಟರ್, ಸೆಕೆಂಡಿಗೆ 10 ಲೀಟರ್. ಮಾರುವವರು ಇಲ್ಲಿಗೇ ನಿಲ್ಲುತ್ತಾರೆ. ನಮ್ಮ ಫ್ಯಾನ್ ಸೆಕೆಂಡಿಗೆ ಇಷ್ಟು ಲೀಟರ್ ತಳ್ಳುತ್ತದೆ, ನಿಮ್ಮ ಎಂಜಿನ್ನಿಗೆ ಬೇಕಾದ್ದಕ್ಕಿಂತ ಜಾಸ್ತಿ ಅಂತ. ಕೇಳೋಕೆ ಸರಿಯಾಗೇ ಇದೆ. ಆದರೆ ಫ್ಯಾನಿನ ಆ ಲೀಟರ್ ಲೆಕ್ಕ ಮುಂದೆ ಏನೂ ಅಡ್ಡ ಇಲ್ಲದಿದ್ದಾಗಿನದು. ಮೇಜಿನ ಫ್ಯಾನೂ ಕೋಣೆ ತುಂಬ ಗಾಳಿ ಬೀಸುತ್ತದೆ. ಅದರ ಮುಂದೆ ಒಂದು ಬಲೂನ್ ಹಿಡಿದು ಉಬ್ಬಿಸಿ ನೋಡಿ. ಗಾಳಿ ಬೀಸುವುದು ಬೇರೆ, ಗಾಳಿ ಒತ್ತುವುದು ಬೇರೆ.

ಕಂಪ್ಯೂಟರ್ ಡಬ್ಬಿಯಲ್ಲಿರುವಂಥ 12 ವೋಲ್ಟಿನ ಸಣ್ಣ ಫ್ಯಾನ್ ಹುಟ್ಟಿಸುವ ಒತ್ತಡ ಬಹಳ ಅಂದರೆ ಕೆಲವು ಹತ್ತು ಪ್ಯಾಸ್ಕಲ್. ಧಾರಾಳವಾಗಿ 50 ಅಂತಲೇ ಇಟ್ಟುಕೊಳ್ಳಿ. ಬೆಂಗಳೂರಿನ ಗಾಳಿಯ ಒತ್ತಡ 91,000 ಪ್ಯಾಸ್ಕಲ್ ಆಸುಪಾಸು. ಈಗ ಘಾಟಿ ಲೆಕ್ಕ ಹಾಕಿ. ಐವತ್ತನ್ನು ಹನ್ನೊಂದರಿಂದ ಭಾಗಿಸಿದರೆ ನಾಲ್ಕೂವರೆ ಮೀಟರ್. ಎರಡು ಸಾವಿರ ರೂಪಾಯಿ ಕೊಟ್ಟು ಈ ಫ್ಯಾನ್ ಹಾಕಿಸುವುದೂ ಒಂದೂವರೆ ಮಹಡಿ ಮೆಟ್ಟಿಲಿಳಿದು ಬಂದು ಗಾಡಿ ಓಡಿಸುವುದೂ ಒಂದೇ. ಬೇಸ್‌ಮೆಂಟಿನಲ್ಲಿ ಬೈಕ್ ನಿಲ್ಲಿಸುವವರಿಗೆ ಈ ಟರ್ಬೊ ಫ್ರೀ.

ಅದೂ ಫ್ಯಾನ್ ಆ 50 ಪ್ಯಾಸ್ಕಲನ್ನು ಪೂರ್ತಿ ಕೊಟ್ಟರೆ. ಕೊಡುವುದಿಲ್ಲ. ಒಂಟಿ ಸಿಲಿಂಡರಿನ ಎಂಜಿನ್ ಗಾಳಿಯನ್ನು ಒಂದೇ ಸಮ ಎಳೆಯುವುದಿಲ್ಲ, ಗುಟುಕು ಗುಟುಕಾಗಿ ಎಳೆಯುತ್ತದೆ. 8,000 ಆರ್‌ಪಿಎಂನಲ್ಲಿ ಒಂದು ಗುಟುಕಿಗೆ ಸಿಗುವ ಸಮಯ ನಾಲ್ಕು ಮಿಲಿಸೆಕೆಂಡಿಗೂ ಕಡಿಮೆ. ಆ ಹೊತ್ತಿನಲ್ಲಿ ಗಾಳಿ ನುಗ್ಗುವ ವೇಗ ಸೆಕೆಂಡಿಗೆ 40 ಲೀಟರಿನ ಲೆಕ್ಕದಲ್ಲಿರುತ್ತದೆ. ಆಗ ಪೈಪಿನ ಮಧ್ಯೆ ಕೂತ ಫ್ಯಾನು ಗಾಳಿ ತಳ್ಳುವುದು ಹೋಗಲಿ, ದಾರಿಗೇ ಅಡ್ಡವಾಗುತ್ತದೆ. ನಮ್ಮ ಹುಡುಗ ಹಾಕಿಸಬೇಕೆಂದಿದ್ದ ಡಬ್ಬಿಯಲ್ಲಿ ರೆಕ್ಕೆ ಮತ್ತು ಮೋಟಾರು ಸೇರಿ ಪೈಪಿನ ಅರ್ಧ ಬಾಯಿ ಮುಚ್ಚಿತ್ತು. ಆಹಾ, ದುಡ್ಡು ಕೊಟ್ಟು ಮೂಗು ಹಿಡಿಸಿಕೊಳ್ಳುವುದು ಅಂದರೆ ಇದೇ.

ಸರಿ, ಫ್ಯಾನ್ ಬಿಡಿ. ಅದೇ 150 ಸಿಸಿ ಗಾಡಿಗೆ ನಿಜವಾದ ಕಂಪ್ರೆಸರ್ ಹಾಕಿ ಶೇ. 30ರಷ್ಟು ಒತ್ತಡ ಏರಿಸಬೇಕು ಅಂದರೆ ಏನು ಬೇಕು? ಇಲ್ಲಿ ಸ್ವಲ್ಪ ನಿಧಾನ ಮಾಡೋಣ, ವಿಷಯದ ತಿರುಳು ಇಲ್ಲೇ ಇದೆ.

ಆಗ ಹತ್ತರ ಬದಲು ಸೆಕೆಂಡಿಗೆ ಹದಿಮೂರು ಲೀಟರಿನಷ್ಟು ಗಾಳಿ ಬೇಕು. ಅದನ್ನು ಅಷ್ಟು ಒತ್ತಲು, ಏನೂ ನಷ್ಟವಾಗದ ಆದರ್ಶ ಲೆಕ್ಕದಲ್ಲೇ 300ರಿಂದ 350 ವ್ಯಾಟ್ ಬೇಕು. ಸಣ್ಣ ಕಂಪ್ರೆಸರಿನಲ್ಲಿ, ಮೋಟಾರಿನಲ್ಲಿ ಆಗುವ ನಷ್ಟ ಸೇರಿಸಿದರೆ ಅದು 700 ವ್ಯಾಟ್ ದಾಟುತ್ತದೆ. 12 ವೋಲ್ಟಿನಲ್ಲಿ 700 ವ್ಯಾಟ್ ಅಂದರೆ ಸುಮಾರು 60 ಆಂಪಿಯರ್. ಈ ಗಾತ್ರದ ಗಾಡಿಗಳ ಆಲ್ಟರ್ನೇಟರ್ ಒಟ್ಟು ಹುಟ್ಟಿಸುವುದೇ 100ರಿಂದ 200 ವ್ಯಾಟ್. ಅದರಲ್ಲಿ ಹೆಡ್‌ಲೈಟು, ಇಂಜೆಕ್ಷನ್ನು, ಪೆಟ್ರೋಲ್ ಪಂಪು, ಬ್ಯಾಟರಿ ಚಾರ್ಜು ಎಲ್ಲ ಆಗಬೇಕು. ಉಳಿದದ್ದನ್ನು ಬ್ಯಾಟರಿ ಕೊಡಬೇಕು. ಬೈಕಿನ ಬ್ಯಾಟರಿ ನಾಲ್ಕೈದು ಆಂಪಿಯರ್-ಅವರ್‌ನದು. 60 ಆಂಪಿಯರ್ ಎಳೆಯುವುದು ಅಂದರೆ ಸೆಲ್ಫ್ ಸ್ಟಾರ್ಟ್ ಬಟನ್ನನ್ನು ಒತ್ತಿ ಹಿಡಿದುಕೊಂಡೇ ಗಾಡಿ ಓಡಿಸಿದ ಹಾಗೆ. ಎರಡು ಮೂರು ನಿಮಿಷದಲ್ಲಿ ಬ್ಯಾಟರಿ ಮಲಗುತ್ತದೆ.

ಗಮನಿಸಿ, ಇಲ್ಲಿ ಭೌತಶಾಸ್ತ್ರ ಅಡ್ಡಿ ಮಾಡುತ್ತಿಲ್ಲ. 14 ಎಚ್‌ಪಿಯ ಗಾಡಿಗೆ ಶೇ. 30 ಸೇರಿಸಿದರೆ ನಾಲ್ಕು ಎಚ್‌ಪಿ, ಅಂದರೆ 3,000 ವ್ಯಾಟ್ ಹೆಚ್ಚು ಸಿಗುತ್ತದೆ. 700 ವ್ಯಾಟ್ ಕೊಟ್ಟು 3,000 ವ್ಯಾಟ್ ಪಡೆಯುವುದು ಒಳ್ಳೆ ವ್ಯಾಪಾರವೇ. ಶಕ್ತಿಯೇನು ಗಾಳಿಯಿಂದ ಉದುರಿದ್ದಲ್ಲ, ಜಾಸ್ತಿ ಉರಿದ ಪೆಟ್ರೋಲಿನಿಂದ ಬಂದದ್ದು. ತೊಂದರೆ ಇರುವುದು ಆ 700 ವ್ಯಾಟನ್ನು ಒಂದು ಕಡೆಯಿಂದ ಇನ್ನೊಂದು ಕಡೆ ತರುವುದರಲ್ಲಿ. ಅದಕ್ಕೇ ನಾನು ಈಗ ಯಾರಾದರೂ ಇಂಥ ವಿಡಿಯೋ ಕಳಿಸಿದರೆ ಫ್ಯಾನಿನ ಕಡೆ ನೋಡುವುದೇ ಇಲ್ಲ. ವೈರಿನ ಕಡೆ ನೋಡುತ್ತೇನೆ. 60 ಆಂಪಿಯರ್ ಒಯ್ಯುವ ವೈರ್ ಮನೆಯ ಗೀಸರಿಗೆ ಎಳೆಯುವ ವೈರಿಗಿಂತ ದಪ್ಪ ಇರಬೇಕು. ಆ ಡಬ್ಬಿಯ ವೈರು ಇಯರ್‌ಫೋನಿನದರ ಹಾಗಿತ್ತು.

ರೆಕ್ಕೆಯ ವೇಗವೂ ಅಷ್ಟೇ. 60 ಮಿಲಿಮೀಟರಿನ ಚಕ್ರ ನಿಮಿಷಕ್ಕೆ 5,000 ಸಲ ತಿರುಗಿದರೆ ಅದರ ಅಂಚಿನ ವೇಗ ಗಂಟೆಗೆ 57 ಕಿಲೋಮೀಟರ್. ಶೇ. 30ರ ಒತ್ತಡ ಬೇಕೆಂದರೆ ಅದೇ ಚಕ್ರ 70,000 ಸುತ್ತು ದಾಟಬೇಕು. ಇದು ಬರೀ ಕಾಗದದ ಲೆಕ್ಕವಲ್ಲ. 2016ರಲ್ಲಿ ಬಂದ ಆಡಿ ಎಸ್‌ಕ್ಯೂ7 ಡೀಸೆಲ್ ಕಾರಿನಲ್ಲಿ ನಿಜವಾದ ವಿದ್ಯುತ್ ಕಂಪ್ರೆಸರ್ ಇತ್ತು. ಅದರ ಮೋಟಾರು 7 ಕಿಲೋವ್ಯಾಟ್, ವೇಗ 70,000 ಆರ್‌ಪಿಎಂ, ಅಷ್ಟು ವೇಗಕ್ಕೆ ಏರಲು ಕಾಲು ಸೆಕೆಂಡು. ಅದನ್ನು ನಡೆಸಲು ಆಡಿ ಆ ಕಾರಿಗೆ ಬೇರೆಯದೇ 48 ವೋಲ್ಟಿನ ವ್ಯವಸ್ಥೆ, ಬೇರೆಯದೇ ಲಿಥಿಯಂ ಬ್ಯಾಟರಿ ಕೊಡಬೇಕಾಯಿತು. 12 ವೋಲ್ಟಿನಲ್ಲಿ ಆಗುವ ಹಾಗಿದ್ದರೆ ಅವರು ಸುಮ್ನೆ ಯಾಕೆ ಆ ಖರ್ಚು ಮಾಡುತ್ತಿದ್ದರು?

ಕವಾಸಕಿಯ ನಿಂಜಾ ಎಚ್2 ನೋಡಿ. 2015ರಿಂದ ರಸ್ತೆಯಲ್ಲಿದೆ, ಕಾರ್ಖಾನೆಯಿಂದಲೇ ಸೂಪರ್‌ಚಾರ್ಜರ್ ಜೊತೆ ಬರುತ್ತದೆ. ಅದರ 69 ಮಿಲಿಮೀಟರಿನ ಚಕ್ರವನ್ನು ಎಂಜಿನ್ನೇ ಗೇರುಗಳ ಮೂಲಕ ತನ್ನ ವೇಗದ ಒಂಬತ್ತು ಪಟ್ಟಿಗಿಂತ ಜಾಸ್ತಿ ವೇಗದಲ್ಲಿ ತಿರುಗಿಸುತ್ತದೆ. ಒತ್ತಡ ವಾತಾವರಣದ 2.4 ಪಟ್ಟಿನವರೆಗೆ ಏರುತ್ತದೆ. ಆ ಚಕ್ರಕ್ಕಾಗಿ ಕವಾಸಕಿ ತನ್ನ ಗ್ಯಾಸ್ ಟರ್ಬೈನ್ ಮತ್ತು ವಿಮಾನ ವಿಭಾಗದವರನ್ನು ಕೂರಿಸಿ ಕೆಲಸ ಮಾಡಿಸಿತು. ಅಷ್ಟು ಗಾಳಿ ಒಳಗೆ ಬರುತ್ತದೆಂದು ಗೊತ್ತಿದ್ದರಿಂದಲೇ ಮೊದಲ ಎಚ್2 ಎಂಜಿನ್ನಿನ ಕಂಪ್ರೆಷನ್ ರೇಷಿಯೋವನ್ನು (ಸಿಲಿಂಡರಿನೊಳಗೆ ಪಿಸ್ಟನ್ ಗಾಳಿಯನ್ನು ಎಷ್ಟು ಪಟ್ಟು ಹಿಂಡುತ್ತದೆ ಎಂಬ ಲೆಕ್ಕ) 8.5ಕ್ಕೆ ಇಳಿಸಿದರು. ಆ ವರ್ಗದ ಮಾಮೂಲಿ ಸೂಪರ್‌ಬೈಕಿನಲ್ಲಿ ಅದು 13ರ ಆಸುಪಾಸು ಇರುತ್ತದೆ. ಡಬ್ಬಿ ಮಾರುವವರು ಹೇಳದೇ ಇರುವ ಮಾತು ಇದು. ನಿಮ್ಮ ಬೈಕಿನ ಎಂಜಿನ್ನನ್ನು ಮಾಮೂಲಿ ಗಾಳಿಗೆ ಅಂತ ಮಾಡಿರುತ್ತಾರೆ. ಅದಕ್ಕೆ ನಿಜವಾಗಿಯೂ ಗಾಳಿ ತುಂಬಿದರೆ ನಾಕಿಂಗ್ (ಒಳಗಿನ ಪೆಟ್ರೋಲು-ಗಾಳಿ ಮಿಶ್ರಣ ತಾನಾಗಿಯೇ ಸಿಡಿಯುವುದು) ಶುರುವಾಗುತ್ತದೆ, ಪಿಸ್ಟನ್ ತಲೆ ಕಾದು ತೂತಾಗಲೂಬಹುದು. ಒಂದು ರೀತಿಯಲ್ಲಿ ಆ ಫ್ಯಾನ್ ಕೆಲಸ ಮಾಡದೇ ಇರುವುದೇ ನಿಮ್ಮ ಎಂಜಿನ್ನಿನ ಪುಣ್ಯ.

ಇನ್ನು ಪೆಟ್ರೋಲು. ಒಂದು ಗ್ರಾಂ ಪೆಟ್ರೋಲು ಪೂರ್ತಿ ಉರಿಯಲು 14.7 ಗ್ರಾಂ ಗಾಳಿ ಬೇಕು. ಗಾಳಿ ಮಾತ್ರ ಜಾಸ್ತಿ ಮಾಡಿ ಪೆಟ್ರೋಲು ಅಷ್ಟೇ ಬಿಟ್ಟರೆ ಶಕ್ತಿ ಬರುವುದಿಲ್ಲ, ಬಿಸಿ ಬರುತ್ತದೆ. 2020ರ ಏಪ್ರಿಲ್ ನಂತರದ ಬಿಎಸ್6 ಗಾಡಿಗಳಲ್ಲಿ, ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ನೋಡಿ ಇಂಜೆಕ್ಟರ್ ಸ್ವಲ್ಪ ಸರಿಮಾಡಿಕೊಳ್ಳಬಹುದು. ಆದರೆ ಆಕ್ಸಿಲರೇಟರ್ ಪೂರ್ತಿ ತಿರುಗಿಸಿದಾಗ ಇಸಿಯು (ಎಂಜಿನ್ ನಡೆಸುವ ಪುಟ್ಟ ಕಂಪ್ಯೂಟರ್) ಸಾಮಾನ್ಯವಾಗಿ ಆ ಸೆನ್ಸರಿನ ಮಾತು ಬಿಟ್ಟು ಕಂಪನಿ ತುಂಬಿಸಿದ ಪಟ್ಟಿಯನ್ನೇ ನಂಬುತ್ತದೆ. ಆ ಪಟ್ಟಿಯಲ್ಲಿ ನಿಮ್ಮ ಟರ್ಬೊ ಇಲ್ಲ.

ಇಂಜೆಕ್ಷನ್ ಇಲ್ಲದೆ ಕಾರ್ಬ್ಯುರೇಟರಿನಲ್ಲೇ ಗಾಳಿಗೆ ಪೆಟ್ರೋಲು ಬೆರೆಸುವ ಹಳೆ ಗಾಡಿಗಳ ಕತೆ ಇನ್ನೂ ಮಜಾ. ಅವುಗಳಲ್ಲಿ ಪೆಟ್ರೋಲು ಟ್ಯಾಂಕಿನಿಂದ ತನ್ನ ಭಾರಕ್ಕೇ ಕೆಳಗಿಳಿಯುತ್ತದೆ. ಒಂದಡಿ ಎತ್ತರದ ಪೆಟ್ರೋಲಿನ ಒತ್ತಡ ಎರಡು ಸಾವಿರ ಪ್ಯಾಸ್ಕಲ್‌ಗಿಂತ ಸ್ವಲ್ಪ ಜಾಸ್ತಿ ಇರಬಹುದು. ಕಾರ್ಬ್ಯುರೇಟರಿಗೆ ನಿಜವಾಗಿ 27,000 ಪ್ಯಾಸ್ಕಲ್ (ಅದೇ ಶೇ. 30) ಗಾಳಿ ಒತ್ತಿದರೆ, ಅದರೊಳಗೆ ಪೆಟ್ರೋಲು ನಿಲ್ಲುವ ಬಟ್ಟಲಾದ ಫ್ಲೋಟ್ ಚೇಂಬರಿಗೂ ಅದೇ ಒತ್ತಡ ಕೊಡದಿದ್ದರೆ ಜೆಟ್ಟಿನಿಂದ, ಅಂದರೆ ಪೆಟ್ರೋಲು ಚಿಮ್ಮುವ ಸಣ್ಣ ತೂತಿನಿಂದ, ಪೆಟ್ರೋಲು ಬರುವುದಿಲ್ಲ. ಕೊಟ್ಟರೆ, ಅದು ಪೆಟ್ರೋಲನ್ನು ವಾಪಸ್ ಟ್ಯಾಂಕಿಗೇ ತಳ್ಳುತ್ತದೆ. ಪಂಪ್ ಇಲ್ಲದೆ ಆಗದ ಕೆಲಸ. ‘ಯಾವ ಬೈಕಿಗಾದರೂ ಹತ್ತು ನಿಮಿಷದಲ್ಲಿ ಫಿಟ್’ ಎಂದು ಬರೆದಿರುವ ವಸ್ತು ಪಂಪು ಕೇಳುತ್ತಿಲ್ಲ ಅಂದರೆ ಅದು ಒತ್ತಡ ಹುಟ್ಟಿಸುತ್ತಿಲ್ಲ ಎಂದೇ ಅರ್ಥ. ಬೇರೆ ಸಾಕ್ಷಿ ಬೇಡ.

ಫ್ಯಾನ್ ಬೇಡ, ಮುಂದೆ ಒಂದು ಕೊಳವೆ ಇಟ್ಟರೆ ಓಡುವ ವೇಗಕ್ಕೇ ಗಾಳಿ ತುಂಬುತ್ತದಲ್ಲ ಅನ್ನುವವರೂ ಇದ್ದಾರೆ. ತುಂಬುತ್ತದೆ. ಗಂಟೆಗೆ 60 ಕಿಲೋಮೀಟರಿನಲ್ಲಿ ಸಿಗುವುದು 150 ಪ್ಯಾಸ್ಕಲ್ ಆಸುಪಾಸು, ಘಾಟಿ ಲೆಕ್ಕದಲ್ಲಿ 14 ಮೀಟರ್. ನೂರರಲ್ಲಿ ಸುಮಾರು 40 ಮೀಟರ್. ಮುನ್ನೂರು ಮುಟ್ಟಿದರೆ ಮಾತ್ರ ಶೇ. 4ರಷ್ಟು. ಟ್ರ್ಯಾಕಿಗೆಂದೇ ಮಾಡಿದ ಎಚ್2ಆರ್‌ನ ಶಕ್ತಿಯನ್ನು ಕವಾಸಕಿ 310 ಪಿಎಸ್ (ಎಚ್‌ಪಿಯಂಥದ್ದೇ ಮಾನ) ಎಂದೂ, ಓಟದ ಗಾಳಿ ಸೇರಿದರೆ 326 ಎಂದೂ ಹೇಳುತ್ತದೆ. ಶೇ. 5. ಲೆಕ್ಕ ಸರಿಯಾಗೇ ಕೂಡಿತು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಅದರಿಂದ ಏನು ಸಿಗುತ್ತದೆ ಅಂತ ನೀವೇ ಯೋಚಿಸಿ.

ಹಾಗಾದರೆ ಹಾಕಿಸಿದವರೆಲ್ಲ ಸುಳ್ಳು ಹೇಳುತ್ತಾರಾ? ಇಲ್ಲ. ಅವರಿಗೆ ನಿಜಕ್ಕೂ ಪಿಕಪ್ ಜಾಸ್ತಿಯಾದ ಹಾಗೆ ಅನಿಸುತ್ತದೆ. ಫಿಟ್ ಮಾಡುವಾಗ ಮೆಕ್ಯಾನಿಕ್ ಏರ್ ಫಿಲ್ಟರ್ ಬಿಚ್ಚಿರುತ್ತಾನೆ, ಒಂದು ವರ್ಷದ ಧೂಳು ಕೊಡವಿರುತ್ತಾನೆ, ಕೆಲವು ಸಲ ಫಿಲ್ಟರೇ ತೆಗೆದು ಹಾಕಿರುತ್ತಾನೆ. ಎಂಜಿನ್ ಗಾಳಿ ಎಳೆಯುವ ಸದ್ದು ಜೋರಾಗುತ್ತದೆ. ಸದ್ದು ಜೋರಾದರೆ ವೇಗ ಜಾಸ್ತಿಯಾಯಿತು ಅಂತ ನಮ್ಮ ಕಿವಿ ನಂಬುತ್ತದೆ, ಸೈಲೆನ್ಸರ್ ಬದಲಾಯಿಸಿದ ಯಾವ ಹುಡುಗನನ್ನಾದರೂ ಕೇಳಿ. ಮೇಲಿಂದ ದುಡ್ಡು ಕೊಟ್ಟಾಗಿದೆ. ನಾನೂ ಕಾಲೇಜಿನ ದಿನಗಳಲ್ಲಿ ಪೆಟ್ರೋಲ್ ಪೈಪಿಗೆ ಕಟ್ಟುವ ಆಯಸ್ಕಾಂತ ತಂದು, ಮೈಲೇಜು ಐದು ಕಿಲೋಮೀಟರ್ ಏರಿತು ಅಂತ ಮೂರು ತಿಂಗಳು ಊರಿಗೆಲ್ಲ ಹೇಳಿಕೊಂಡು ತಿರುಗಿದವನೇ. ಒಂದು ದಿನ ಅದು ಎಲ್ಲೋ ಉದುರಿ ಬಿದ್ದಿತ್ತು. ಬಿದ್ದು ಎಷ್ಟು ದಿನ ಆಗಿತ್ತೋ, ಮೈಲೇಜು ಮಾತ್ರ ಇಳಿದಿರಲಿಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ‘ಪೆಟ್ರೋಲ್ ಉಳಿಸುವ’ ಇಂಥ ನೂರಕ್ಕೂ ಹೆಚ್ಚು ಸಾಧನಗಳನ್ನು ಪರಿಶೀಲಿಸಿದೆ. ಬಹುಪಾಲು ಯಾವ ಲಾಭವನ್ನೂ ತೋರಿಸಲಿಲ್ಲ.

ಅಳೆಯುವುದು ಕಷ್ಟವೇನಲ್ಲ. ಫ್ಯಾನಿಗೆ ಒಂದು ಸ್ವಿಚ್ ಇಟ್ಟು, ಅದನ್ನು ಹಿಂದೆ ಕೂತ ಗೆಳೆಯನ ಕೈಗೆ ಕೊಡಿ. ಖಾಲಿ ರಸ್ತೆಯಲ್ಲಿ ಮೂರನೇ ಗೇರಿನಲ್ಲಿ 30ರಿಂದ 60ಕ್ಕೆ ಏರಲು ಎಷ್ಟು ಸೆಕೆಂಡು ಅಂತ ಫೋನಿನ ಜಿಪಿಎಸ್‌ನಲ್ಲಿ ಅಳೆಯಿರಿ. ಹೋಗುತ್ತಾ ಐದು ಸಲ, ಬರುತ್ತಾ ಐದು ಸಲ. ಸ್ವಿಚ್ ಆನೋ ಆಫೋ ಗೆಳೆಯನಿಗೆ ಮಾತ್ರ ಗೊತ್ತಿರಬೇಕು. ಆಮೇಲೆ ಯಾವ ಓಟದಲ್ಲಿ ಟರ್ಬೊ ಇತ್ತು ಅಂತ ನೀವು ಊಹಿಸಿ ಹೇಳಿ. ಇಂಥ ಒಂದು ವಿಡಿಯೋವನ್ನು ಯಾವ ಮಾರಾಟಗಾರನೂ ಹಾಕಿದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಎಲ್ಲರೂ ತೋರಿಸುವುದು ಒಂದೇ ದೃಶ್ಯ: ಫ್ಯಾನಿನ ಮುಂದೆ ಹಾರುವ ಕಾಗದದ ಚೂರು.

ಕಾನೂನಿನ ವಿಷಯ ಒಂದೇ ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವ ಹಾಗಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿದೆ. ವಾರಂಟಿ ಅಂತೂ ಮರೆತುಬಿಡಿ.

ಈಗ ಹೋಂಡಾಗೆ ಬರೋಣ. ಹುಡುಗನಿಗೆ ಕೊಡಬೇಕಾದ ಉತ್ತರ ಇನ್ನೂ ಬಾಕಿ ಇದೆ. ದೊಡ್ಡ ಕಂಪನಿ ಅಂತ ಅವರನ್ನು ಸುಮ್ನೆ ಬಿಡುವುದೂ ಸರಿಯಲ್ಲ, ಲೆಕ್ಕ ಎಲ್ಲರಿಗೂ ಒಂದೇ. 900 ಸಿಸಿ ಎಂಜಿನ್ 9,000 ಆರ್‌ಪಿಎಂನಲ್ಲಿ ಸೆಕೆಂಡಿಗೆ 67 ಲೀಟರ್ ಗಾಳಿ ಕುಡಿಯುತ್ತದೆ. ಅದನ್ನು 1200 ಸಿಸಿಯಷ್ಟು ಮಾಡಲು ಒತ್ತಡ ಮೂರನೇ ಒಂದು ಭಾಗ ಏರಬೇಕು. ನಷ್ಟ ಎಲ್ಲ ಸೇರಿಸಿದರೆ ನನ್ನ ಲೆಕ್ಕದಲ್ಲಿ ಕಂಪ್ರೆಸರಿಗೆ ನಾಲ್ಕೈದು ಕಿಲೋವ್ಯಾಟ್ ಬೇಕು. 12 ವೋಲ್ಟಿನಲ್ಲಿ ಅದು 350 ಆಂಪಿಯರ್ ದಾಟುತ್ತದೆ, ದೊಡ್ಡ ಬೈಕುಗಳ ಆಲ್ಟರ್ನೇಟರೂ ಅಷ್ಟು ಕೊಡುವಂಥದ್ದಲ್ಲ. ಆದರೆ ಅದೇ ಎಂಜಿನ್ 3,000 ಆರ್‌ಪಿಎಂನಲ್ಲಿದ್ದಾಗ ಗಾಳಿ ಬೇಕಾಗುವುದು ಮೂರನೇ ಒಂದು ಪಾಲು, ಕಂಪ್ರೆಸರಿಗೆ ಒಂದೂವರೆ ಕಿಲೋವ್ಯಾಟ್ ಸಾಕು. ಅದೂ ಓವರ್‌ಟೇಕ್ ಮಾಡುವ ಕೆಲವು ಸೆಕೆಂಡು ಮಾತ್ರ. ಎಂಜಿನ್ನಿನ ವೇಗ ಎಷ್ಟೇ ಇರಲಿ, ಕೆಳಗಿನ ಆರ್‌ಪಿಎಂನಿಂದಲೇ ಟಾರ್ಕ್ (ಚಕ್ರ ತಿರುಗಿಸುವ ಬಲ) ಕೊಡಬಲ್ಲೆವು ಎಂದು ಹೋಂಡಾ ಒತ್ತಿ ಹೇಳುತ್ತಿರುವುದು ಇದನ್ನೇ. ಆ ಕಾಲದ ಸಿಎಕ್ಸ್500 ಟರ್ಬೊ ಸೋತದ್ದೂ ಇದೇ ಜಾಗದಲ್ಲಿ. ಅದು ಸೈಲೆನ್ಸರಿಗೆ ಹೋಗುವ ಹೊಗೆಯ ರಭಸಕ್ಕೆ ಕಾಯಬೇಕಿತ್ತು, ಇದು ಕಾಯಬೇಕಾಗಿಲ್ಲ.

ಹಾಗಾಗಿ ಅದನ್ನು ನಾನು ನಂಬುತ್ತೇನೆ, ಒಂದು ಅನುಮಾನ ಇಟ್ಟುಕೊಂಡು. ಎರಡು ಸೆಕೆಂಡಿನ ಓವರ್‌ಟೇಕ್ ಸರಿ. ಹಿಂದೆ ಹೆಂಡತಿ, ಎರಡೂ ಪಕ್ಕ ತುಂಬಿದ ಬ್ಯಾಗು, ಆಗುಂಬೆಯ ತಿರುವುಗಳು, ಎರಡನೇ ಗೇರು, ಪ್ರತಿ ತಿರುವು ದಾಟಿದ ಮೇಲೂ ಮತ್ತೆ ಬೂಸ್ಟ್ ಬೇಕು. ಆಗ ಏಳನೇ ತಿರುವಿನಲ್ಲಿ ಗಾಡಿ 1200 ಸಿಸಿಯ ಹಾಗೆ ಎಳೆಯುತ್ತದಾ, ಇಲ್ಲ ಬ್ಯಾಟರಿ ಸುಸ್ತಾಗಿ ಮತ್ತೆ 900 ಸಿಸಿ ಆಗಿಬಿಡುತ್ತದಾ? ಬೈಕ್ ಬಂದ ದಿನ ಯಾರಾದರೂ ಟೆಸ್ಟ್ ರೈಡಿಗೆ ಹೋಗುವುದಿದ್ದರೆ ಫ್ಲೈಓವರ್ ಮೇಲೆ ಓಡಿಸಿ ವಾಪಸ್ ಕೊಡಬೇಡಿ. ಸೋಮೇಶ್ವರದ ಕಡೆಯಿಂದ ಘಾಟಿ ಹತ್ತಿಸಿ ನೋಡಿ.